ಕೆಳದವಡೆ ಒಂದು ಬದಿಗೆ ವಾಲಿದರೆ: ಕಾರಣವೇನು, ಚಿಕಿತ್ಸೆ ಏನು?

ಹತ್ತೊಂಬತ್ತರ ಹರೆಯದ ಮಗಳನ್ನು ಕರೆದುಕೊಂಡು ಬಂದಿದ್ದ ಆ ತಾಯಿ ಕುರ್ಚಿಯಲ್ಲಿ ಕೂರುವ ಮೊದಲೇ ಮೊಬೈಲ್ ತೆರೆದು ಒಂದು ಫೋಟೋ ತೋರಿಸಿದರು. "ನೋಡಿ ಡಾಕ್ಟ್ರೇ, ಇವಳು ನೇರ ಕೂತದ್ದೇ. ಆದರೂ ಗದ್ದ ಬಲಕ್ಕೆ ಹೋಗ್ತದೆ. ಎಡ ಕೆನ್ನೆ ಒಳಗೆ ಇಳಿದ ಹಾಗೆ ಕಾಣ್ತದೆ. ಹುಡುಗನ ಕಡೆಯವರು ಎರಡು ಸಲ ಬೇರೆ ಫೋಟೋ ಕೇಳಿದ್ರು."

ಮಗಳು ತಲೆ ತಗ್ಗಿಸಿ ಕೂತಿದ್ದಳು. ನಿನಗೆ ಏನು ತೊಂದರೆಯಮ್ಮಾ ಎಂದು ಕೇಳಿದೆ. "ಉಮ್ಮನಿಗೆ ಫೋಟೋದ ಚಿಂತೆ. ನನಗೆ ಊಟದ್ದು. ಮದುವೆ ಮನೆಯಲ್ಲಿ ಎಲ್ಲರೂ ಕೈ ತೊಳೆದು ಎದ್ದ ಮೇಲೂ ನಾನು ಜಗಿಯುತ್ತಾ ಇರ್ತೇನೆ. ಬಾಯಿ ಪೂರ್ತಿ ತೆರೆಯುವುದಿಲ್ಲ" ಎಂದಳು.

ಬಾಯಿ ತೆರೆಯಲು ಹೇಳಿದೆ. ಎರಡು ಬೆರಳು ಹೋಗುವಷ್ಟು ಮಾತ್ರ ತೆರೆಯಿತು. ತೆರೆಯುವಾಗ ಗದ್ದ ಬಲಕ್ಕೆ ಸರಿಯಿತು. ಗದ್ದದ ಅಡಿಯಲ್ಲಿ ಹಳೆಯ ಗಾಯದ ಗೆರೆಯೊಂದು ಕಾಣಿಸಿತು. ಇದು ಯಾವಾಗಿನದ್ದು ಎಂದು ಕೇಳಿದಾಗ ತಾಯಿ ಸ್ವಲ್ಪ ಹೊತ್ತು ಯೋಚಿಸಿದರು. "ಇವಳಿಗೆ ಐದು ವರ್ಷ ಇರಬೇಕು. ಅಂಗಳದ ಮೆಟ್ಟಿಲಿನಿಂದ ಬಿದ್ದಿದ್ದಳು. ಮೂರು ಹೊಲಿಗೆ ಹಾಕಿದ್ರು. ವಾರದೊಳಗೆ ಗಾಯ ಒಣಗಿತ್ತು."

ಗಾಯ ಒಣಗಿತ್ತು, ನಿಜ. ಆದರೆ ಆ ದಿನ ಕಿವಿಯ ಮುಂದೆ, ಚರ್ಮದ ಒಳಗೆ, ಬಲಗಡೆಯ ದವಡೆ ಕೀಲಿನ ಎಲುಬು ಮುರಿದಿತ್ತು. ಅದನ್ನು ಯಾರೂ ನೋಡಿರಲಿಲ್ಲ. ಹದಿನಾಲ್ಕು ವರ್ಷಗಳಲ್ಲಿ ಎಡಬದಿ ಸರಿಯಾಗಿ ಬೆಳೆದಿತ್ತು, ಬಲಬದಿ ಹಿಂದೆ ಉಳಿದಿತ್ತು.

ಕೆಳದವಡೆ ಸೊಟ್ಟಗಾಗುವುದಕ್ಕೆ ಇದೊಂದೇ ಕಾರಣವಲ್ಲ. ಆದರೆ ಸಕಾಲದಲ್ಲಿ ಗಮನಿಸಿದರೆ ಬಹುಮಟ್ಟಿಗೆ ತಡೆಯಬಹುದಾದ ಕಾರಣ ಇದು. ಆದ್ದರಿಂದಲೇ ಈ ಬರಹ.

ಎಷ್ಟು ಸೊಟ್ಟವಾದರೆ ಚಿಂತಿಸಬೇಕು?

ಮೊದಲು ಒಂದು ಸಮಾಧಾನದ ಮಾತು. ಯಾರ ಮುಖವೂ ಎರಡೂ ಬದಿ ತಕ್ಕಡಿಯಲ್ಲಿ ತೂಗಿದಂತೆ ಸಮನಾಗಿ ಇರುವುದಿಲ್ಲ. ಕಣ್ಣು, ಹುಬ್ಬು, ಕೆನ್ನೆ, ದವಡೆ ಎಲ್ಲದರಲ್ಲೂ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಗದ್ದ ಒಂದೆರಡು ಮಿಲಿಮೀಟರ್ ಆಚೆ ಈಚೆ ಇದ್ದರೆ ಎದುರಿಗಿದ್ದವರಿಗೆ ಅದು ಗೊತ್ತಾಗುವುದೇ ಇಲ್ಲ. ಮೊಬೈಲಿನ ಸೆಲ್ಫಿಯನ್ನು ನಂಬಲೇಬೇಡಿ. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಮುಖದ ಅಳತೆಗಳೇ ಬದಲಾಗುತ್ತವೆ.

ಆದರೆ ಈ ಕೆಳಗಿನವುಗಳಲ್ಲಿ ಯಾವುದಾದರೂ ಇದ್ದರೆ ಪರೀಕ್ಷೆ ಮಾಡಿಸುವುದು ಅಗತ್ಯ: ವರ್ಷದಿಂದ ವರ್ಷಕ್ಕೆ ವ್ಯತ್ಯಾಸ ಹೆಚ್ಚುತ್ತಿರುವುದು, ಬಾಯಿ ತೆರೆಯುವಾಗ ಗದ್ದ ಒಂದು ಬದಿಗೆ ಓಡುವುದು, ಬಾಯಿ ಪೂರ್ತಿ ತೆರೆಯದಿರುವುದು, ಮೇಲಿನ ಮತ್ತು ಕೆಳಗಿನ ಹಲ್ಲುಗಳು ಸರಿಯಾಗಿ ಕೂಡದಿರುವುದು, ಜಗಿಯುವಾಗ ಕಿವಿಯ ಮುಂದೆ ನೋವು.

ಮನೆಯಲ್ಲೇ ಮಾಡಬಹುದಾದ ನಾಲ್ಕು ಪರೀಕ್ಷೆ

1. ನೂಲಿನ ಪರೀಕ್ಷೆ: ಮಗುವನ್ನು ಬೆಳಕಿನ ಎದುರು ನೇರ ಕೂರಿಸಿ. ಹಣೆಯ ನಡುವಿನಿಂದ ಮೂಗಿನ ಮೇಲೆ ಹಾದು ಗದ್ದದವರೆಗೆ ಒಂದು ನೂಲು ಹಿಡಿಯಿರಿ. ಗದ್ದದ ನಡುಭಾಗ ನೂಲಿನಿಂದ ಎಷ್ಟು ದೂರ ಸರಿದಿದೆ ಎಂದು ನೋಡಿ. ಹಲ್ಲು ಕಚ್ಚಿದಾಗ ಮೇಲಿನ ಎರಡು ಮುಂಗಡೆ ಹಲ್ಲುಗಳ ನಡುವಿನ ಗೆರೆ ಮತ್ತು ಕೆಳಗಿನವುಗಳ ಗೆರೆ ಒಂದಕ್ಕೊಂದು ಕೂಡುತ್ತವೆಯೇ ಎಂಬುದನ್ನೂ ನೋಡಿ.

2. ಐಸ್‌ಕ್ರೀಂ ಕಡ್ಡಿಯ ಪರೀಕ್ಷೆ: ತೊಳೆದ ಐಸ್‌ಕ್ರೀಂ ಕಡ್ಡಿಯೊಂದನ್ನು ಅಡ್ಡಲಾಗಿ ಹಲ್ಲುಗಳ ನಡುವೆ ಕಚ್ಚಲು ಹೇಳಿ. ಕಡ್ಡಿ ಎರಡು ಕಣ್ಣುಗಳ ಗೆರೆಗೆ ಸಮಾನಾಂತರವಾಗಿರಬೇಕು. ಒಂದು ತುದಿ ಮೇಲಕ್ಕೆ, ಇನ್ನೊಂದು ಕೆಳಕ್ಕೆ ಇದ್ದರೆ ಕೆಳದವಡೆಯ ಜೊತೆಗೆ ಮೇಲ್ದವಡೆಯೂ ವಾಲಿದೆ ಎಂದು ಅರ್ಥ.

3. ಮೂರು ಬೆರಳಿನ ಪರೀಕ್ಷೆ: ಮಗು ತನ್ನದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಮುಂಗಡೆ ಹಲ್ಲುಗಳ ನಡುವೆ ತೂರಿಸಲು ಸಾಧ್ಯವಾಗಬೇಕು. ದೊಡ್ಡವರ ಬಾಯಿ ಸಾಮಾನ್ಯವಾಗಿ 35ರಿಂದ 50 ಮಿಲಿಮೀಟರ್ ತೆರೆಯುತ್ತದೆ.

4. ಹಳೆಯ ಫೋಟೋಗಳ ಪರೀಕ್ಷೆ: ಶಾಲೆಯ ಗುಂಪು ಚಿತ್ರ, ಆಧಾರ್ ಕಾರ್ಡ್, ಪಾಸ್‌ಪೋರ್ಟ್ ಚಿತ್ರ ಎಲ್ಲವನ್ನೂ ವರ್ಷದ ಕ್ರಮದಲ್ಲಿ ಜೋಡಿಸಿ. ವ್ಯತ್ಯಾಸ ಯಾವಾಗ ಶುರುವಾಯಿತು, ಈಗಲೂ ಹೆಚ್ಚುತ್ತಿದೆಯೇ ಎಂಬುದು ವೈದ್ಯರಿಗೆ ಇದರಿಂದಲೇ ಅರ್ಧ ತಿಳಿಯುತ್ತದೆ. ಬರುವಾಗ ಅವುಗಳನ್ನು ತನ್ನಿ.

ದವಡೆ ಬೆಳೆಯುವುದು ಹೇಗೆ?

ಕೆಳದವಡೆ ಕುದುರೆ ಲಾಳದ ಆಕಾರದ ಒಂದೇ ಎಲುಬು. ಅದರ ಎರಡು ತುದಿಗಳು ಮೇಲಕ್ಕೆ ಹೋಗಿ ಕಿವಿಯ ಮುಂದೆ ತಲೆಬುರುಡೆಯ ಕುಳಿಯಲ್ಲಿ ಕೂರುತ್ತವೆ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿದರೆ ಅಲ್ಲಿ ಎಲುಬು ಅಲುಗಾಡುವುದು ನಿಮಗೇ ತಿಳಿಯುತ್ತದೆ. ಈ ಗುಂಡಗಿನ ತುದಿಯನ್ನು ವೈದ್ಯರು ಕಾಂಡೈಲ್ ಎನ್ನುತ್ತಾರೆ. ಮಕ್ಕಳ ದವಡೆ ಉದ್ದವಾಗುವುದರಲ್ಲಿ ಇದರ ಮೇಲಿರುವ ಮೃದು ಎಲುಬಿನ ಪದರಕ್ಕೆ ದೊಡ್ಡ ಪಾತ್ರವಿದೆ.

ಕಾಂಡೈಲಿನ ಕೆಳಗಿನ ಕುತ್ತಿಗೆಯಂತಹ ಭಾಗ ತೆಳು. ಮಗು ಗದ್ದ ನೆಲಕ್ಕೆ ಬಡಿಯುವಂತೆ ಬಿದ್ದಾಗ ಆ ಪೆಟ್ಟು ದವಡೆಯ ಉದ್ದಕ್ಕೂ ಹಾದು ಈ ತೆಳು ಭಾಗಕ್ಕೆ ಹೋಗಿ ತಾಗುತ್ತದೆ. ರಕ್ತ ಬರುವುದು ಗದ್ದದಲ್ಲಿ, ಮುರಿಯುವುದು ಕಿವಿಯ ಮುಂದೆ. ನೋಡುವವರ ಗಮನ ರಕ್ತದ ಕಡೆಗೇ ಇರುತ್ತದೆ.

ಸಣ್ಣ ಮಕ್ಕಳ ಎಲುಬಿಗೆ ತಾನಾಗಿ ಸರಿಪಡಿಸಿಕೊಳ್ಳುವ ಶಕ್ತಿ ಹೆಚ್ಚು. ಹಾಗಾಗಿ ಇಂತಹ ಮುರಿತಗಳಲ್ಲಿ ಹೆಚ್ಚಿನವು ಸರಿಯಾಗಿ ಕೂಡಿಕೊಳ್ಳುತ್ತವೆ. ಆದರೆ ಕೆಲವು ಮಕ್ಕಳಲ್ಲಿ ಆ ಬದಿಯ ಬೆಳವಣಿಗೆ ಕುಂಠಿತವಾಗುತ್ತದೆ. ಇನ್ನು ಕೆಲವರಲ್ಲಿ ಕೀಲಿನೊಳಗೆ ಸೇರಿದ ರಕ್ತ ಗಟ್ಟಿಯಾಗಿ, ಕ್ರಮೇಣ ಎಲುಬಾಗಿ, ದವಡೆಯು ತಲೆಬುರುಡೆಗೆ ಅಂಟಿಕೊಂಡು ಬಿಡುತ್ತದೆ. ಇದಕ್ಕೆ ಆಂಕೈಲೋಸಿಸ್ ಎಂದು ಹೆಸರು. ಆಗ ಬಾಯಿ ತೆರೆಯುವುದೇ ಕಷ್ಟ. ಕಿವಿಯ ತೀವ್ರ ಸೋಂಕು ಕೀಲಿಗೆ ಹರಡಿದರೂ ಹೀಗಾಗಬಹುದು.

ಇಲ್ಲಿ ಒಂದು ವಿಚಿತ್ರವಿದೆ. ಬೆಳವಣಿಗೆ ನಿಂತ ಬದಿಯ ಕೆನ್ನೆ ಗುಂಡಗೆ, ತುಂಬಿಕೊಂಡಂತೆ ಕಾಣುತ್ತದೆ. ಆರೋಗ್ಯವಾಗಿರುವ ಬದಿ ಚಪ್ಪಟೆಯಾಗಿ, ಇಳಿದಂತೆ ಕಾಣುತ್ತದೆ. ಉದ್ದದ ಬದಿಯ ಎಲುಬು ಚಾಚಿಕೊಂಡಿರುವುದೇ ಇದಕ್ಕೆ ಕಾರಣ. ಆ ತಾಯಿ ಎಡ ಕೆನ್ನೆ ಒಳಗೆ ಹೋಗಿದೆ ಎಂದು ಅದನ್ನೇ ತೋರಿಸುತ್ತಿದ್ದರು. ತೊಂದರೆ ಇದ್ದದ್ದು ಬಲಕ್ಕೆ.

ಬೇರೆ ಕಾರಣಗಳು

ಹಲ್ಲಿನಿಂದಾಗುವ ವಾಲುವಿಕೆ: ಮಕ್ಕಳಲ್ಲಿ ಬಹಳ ಸಾಮಾನ್ಯ. ಹೆಬ್ಬೆರಳು ಚೀಪುವುದು, ಸದಾ ಬಾಯಿಯಿಂದ ಉಸಿರಾಡುವುದು ಮುಂತಾದ ಕಾರಣಗಳಿಂದ ಮೇಲ್ದವಡೆ ಇಕ್ಕಟ್ಟಾಗುತ್ತದೆ. ಆಗ ಹಲ್ಲುಗಳು ಸರಿಯಾಗಿ ಕೂಡುವುದಿಲ್ಲ. ಮಗು ಆರಾಮವಾಗಿ ಕಚ್ಚಲು ಕೆಳದವಡೆಯನ್ನು ಒಂದು ಬದಿಗೆ ಜಾರಿಸುತ್ತದೆ. ಈ ಹಂತದಲ್ಲಿ ಎಲುಬು ಸರಿಯಾಗಿಯೇ ಇರುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಎಲುಬೂ ಸೊಟ್ಟಗೆ ಬೆಳೆಯಬಹುದು.

ಒಂದು ಬದಿ ಅತಿಯಾಗಿ ಬೆಳೆಯುವುದು: ಸಾಮಾನ್ಯವಾಗಿ 10ರಿಂದ 30 ವರ್ಷದೊಳಗೆ, ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ ಕಾಣಿಸುತ್ತದೆ. ಒಂದು ಬದಿಯ ಕಾಂಡೈಲ್ ಬೆಳೆಯುವುದನ್ನು ನಿಲ್ಲಿಸುವುದೇ ಇಲ್ಲ. ಇಲ್ಲಿ ಗದ್ದ ಸರಿಯುವುದು ತೊಂದರೆ ಇರುವ ಬದಿಗಲ್ಲ, ಅದರ ಎದುರಿನ ಬದಿಗೆ. "ಪಿಯುಸಿಯವರೆಗೆ ಮುಖ ಸರಿ ಇತ್ತು, ಈಗೀಗ ಹೀಗಾಗ್ತಾ ಇದೆ" ಎನ್ನುವವರಲ್ಲಿ ಇದನ್ನು ಮೊದಲು ಶಂಕಿಸಬೇಕು.

ಹುಟ್ಟಿನಿಂದ ಬಂದದ್ದು: ಗರ್ಭದಲ್ಲಿಯೇ ಮುಖದ ಒಂದು ಬದಿ ಸರಿಯಾಗಿ ಬೆಳೆಯದಿರಬಹುದು. ದವಡೆ ಸಣ್ಣದಾಗಿರುವುದರ ಜೊತೆಗೆ ಆ ಬದಿಯ ಕಿವಿಯೂ ಚಿಕ್ಕದಾಗಿರಬಹುದು ಅಥವಾ ಕಿವಿಯ ಮುಂದೆ ಚರ್ಮದ ಸಣ್ಣ ಗಂಟುಗಳಿರಬಹುದು. ಇಂತಹ ಮಕ್ಕಳ ಕಿವಿ ಕೇಳಿಸುವ ಪರೀಕ್ಷೆಯನ್ನೂ ತಡಮಾಡದೆ ಮಾಡಿಸಬೇಕು.

ಕುತ್ತಿಗೆ ವಾಲುವುದು: ಕೆಲವು ಹಸುಗೂಸುಗಳ ಕುತ್ತಿಗೆಯ ಒಂದು ಸ್ನಾಯು ಬಿಗಿದುಕೊಂಡಿರುತ್ತದೆ. ತಲೆ ಸದಾ ಒಂದೇ ಕಡೆ ವಾಲುತ್ತದೆ. ಎಳೆಯ ವಯಸ್ಸಿನಲ್ಲೇ ಫಿಸಿಯೋಥೆರಪಿ ಮಾಡಿಸಿದರೆ ಹೆಚ್ಚಿನವರು ಗುಣವಾಗುತ್ತಾರೆ. ಬಿಟ್ಟರೆ ಮುಖದ ಬೆಳವಣಿಗೆಯೇ ಓರೆಯಾಗುತ್ತದೆ.

ಮಕ್ಕಳ ಸಂಧಿವಾತ: ಮೊಣಕಾಲು, ಮಣಿಕಟ್ಟು ಊದುವ ಮಕ್ಕಳಲ್ಲಿ ದವಡೆ ಕೀಲು ಕೂಡಾ ಸದ್ದಿಲ್ಲದೆ ಸವೆಯಬಹುದು. ನೋವೇ ಇಲ್ಲದಿರಬಹುದು.

ಮಾಂಸದಿಂದಾದ ವ್ಯತ್ಯಾಸ: ಒಂದು ಬದಿಯ ದವಡೆಹಲ್ಲು ಹುಳುಕಾಗಿದ್ದರೆ ಜನ ಇನ್ನೊಂದು ಬದಿಯಲ್ಲೇ ಜಗಿಯುತ್ತಾರೆ. ಆ ಬದಿಯ ಜಗಿಯುವ ಸ್ನಾಯು ದಪ್ಪಗಾಗಬಹುದು. ಬೆಳೆದವರಲ್ಲಿ ಇದರಿಂದ ಎಲುಬು ಬಾಗುವುದಿಲ್ಲ. ಹುಳುಕು ಹಲ್ಲಿಗೆ ಚಿಕಿತ್ಸೆ ಮಾಡಿಸಿ, ಎರಡೂ ಬದಿಯಲ್ಲಿ ಜಗಿಯತೊಡಗಿದರೆ ಸಾಕು.

ಊತ ಮತ್ತು ಗಡ್ಡೆ: ಹಲ್ಲಿನ ಬೇರಿನ ಕೀವು, ಕೆಪ್ಪಟೆ, ಜೊಲ್ಲಿನ ಗ್ರಂಥಿಯ ಊತ, ಎಲುಬಿನೊಳಗಿನ ನೀರುಗಂಟು ಅಥವಾ ಗಡ್ಡೆ ಇವೂ ದವಡೆಯನ್ನು ಒಂದು ಬದಿ ದಪ್ಪಗೆ ಕಾಣಿಸುತ್ತವೆ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಅಡಿಕೆ, ಗುಟ್ಕಾ ಜಗಿಯುವವರ ಬಾಯಿ ಕ್ರಮೇಣ ತೆರೆಯದಂತಾಗುವುದು ದವಡೆ ಕೀಲಿನ ತೊಂದರೆಯಿಂದಲ್ಲ. ಕೆನ್ನೆಯ ಒಳಪದರ ಬಿಳಿಚಿ, ಗಟ್ಟಿ ಪಟ್ಟಿಯಂತಾಗುವುದು ಇದಕ್ಕೆ ಕಾರಣ. ಇದು ಮುಂದೆ ಕ್ಯಾನ್ಸರ್ ಆಗುವ ಅಪಾಯವಿರುವ ಸ್ಥಿತಿ. ಬಾಯಿ ತೆರೆಯುವುದು ಕಡಿಮೆಯಾಗುತ್ತಿದ್ದರೆ ಜಗಿಯುವುದನ್ನು ಆ ದಿನವೇ ಬಿಟ್ಟು ಪರೀಕ್ಷೆ ಮಾಡಿಸಿ.

ತಡ ಮಾಡಬಾರದ ಲಕ್ಷಣಗಳು

* ಮುಖ ಇದ್ದಕ್ಕಿದ್ದಂತೆ ಒಂದು ಬದಿಗೆ ಜೋಲುವುದು, ಮಾತು ತೊದಲುವುದು, ಕೈ ಸೋಲುವುದು. ಇದು ದವಡೆಯದ್ದಲ್ಲ, ಪಾರ್ಶ್ವವಾಯು ಆಗಿರಬಹುದು. ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.
* ಜ್ವರದೊಂದಿಗೆ ಗದ್ದದ ಅಡಿಯಲ್ಲಿ ಊತ, ನುಂಗಲು ಅಥವಾ ಉಸಿರಾಡಲು ಕಷ್ಟ. ರಾತ್ರಿಯಾದರೂ ಕಾಯಬೇಡಿ.
* ಕೆಳತುಟಿ ಮರಗಟ್ಟುವುದು, ಕಾರಣವಿಲ್ಲದೆ ಹಲ್ಲು ಅಲುಗಾಡುವುದು, ದವಡೆ ಎಲುಬು ಒಂದೇ ಕಡೆ ದಪ್ಪಗಾಗುತ್ತಾ ಹೋಗುವುದು.
* ಬಿದ್ದ ಮೇಲೆ ಹಲ್ಲುಗಳು ಮೊದಲಿನಂತೆ ಕೂಡದಿರುವುದು, ಕಿವಿಯಿಂದ ರಕ್ತ ಬರುವುದು.

ತಪ್ಪು ನಂಬಿಕೆಗಳು

ಒಂದೇ ಮಗ್ಗುಲಲ್ಲಿ ಮಲಗಿದ್ದರಿಂದ ಹೀಗಾಯಿತು ಎಂದು ಅನೇಕರು ತಮ್ಮನ್ನೇ ದೂರಿಕೊಳ್ಳುತ್ತಾರೆ. ಬೆಳೆದವರ ದವಡೆ ಮಲಗುವ ಮಗ್ಗುಲಿನಿಂದ ಸೊಟ್ಟಗಾಗುವುದಿಲ್ಲ. ಮಗುವಿಗೆ ಸ್ನಾನ ಮಾಡಿಸುವಾಗ ಮೂಗು, ಗದ್ದ ಒತ್ತಿ ತಿದ್ದುವ ಅಭ್ಯಾಸ ಅಜ್ಜಿಯಂದಿರಲ್ಲಿ ಈಗಲೂ ಇದೆ. ಅದರ ಹಿಂದಿನ ಪ್ರೀತಿ ದೊಡ್ಡದು. ಆದರೆ ಒತ್ತಿದರೆ ದವಡೆ ನೇರವಾಗುವುದಿಲ್ಲ, ಮಗುವಿಗೆ ನೋವಾಗುತ್ತದೆ ಅಷ್ಟೇ.

ಯೂಟ್ಯೂಬಿನಲ್ಲಿ ನಾಲಿಗೆಯನ್ನು ಅಂಗುಳಿಗೆ ಒತ್ತಿ ಹಿಡಿಯುವ, ರಬ್ಬರ್ ಉಂಡೆ ಕಚ್ಚುವ ವ್ಯಾಯಾಮಗಳಿಗೆ ಕೊನೆಯಿಲ್ಲ. ಬೆಳವಣಿಗೆ ಮುಗಿದ ಎಲುಬನ್ನು ಇವು ನೇರಗೊಳಿಸಲಾರವು. ರಬ್ಬರ್ ಉಂಡೆ ಕಚ್ಚಿ ಕೀಲು ನೋವು ತಂದುಕೊಳ್ಳುವ ಸಂಭವವೇ ಹೆಚ್ಚು. ಇನ್ನು ಬ್ಯೂಟಿ ಕ್ಲಿನಿಕ್‌ಗಳ ಫಿಲ್ಲರ್ ಚುಚ್ಚುಮದ್ದು ತಗ್ಗನ್ನು ಸ್ವಲ್ಪ ಕಾಲ ಮುಚ್ಚೀತು. ಕಾರಣ ಏನೆಂದು ತಿಳಿಯುವ ಮೊದಲೇ ಅದನ್ನು ಮಾಡಿಸಿದರೆ ಒಳಗಿನ ಕಾಯಿಲೆ ಮರೆಯಾಗಿ ಉಳಿಯುತ್ತದೆ.

ಯಾರಿಗೆ ತೋರಿಸಬೇಕು, ಯಾವ ಪರೀಕ್ಷೆ?

ಮೊದಲು ನಿಮ್ಮ ಊರಿನ ದಂತವೈದ್ಯರಿಗೆ ತೋರಿಸಿ. ಅಗತ್ಯವಿದ್ದರೆ ಅವರು ಹಲ್ಲಿಗೆ ಕ್ಲಿಪ್ ಹಾಕುವ ತಜ್ಞರಾದ ಆರ್ಥೋಡಾಂಟಿಸ್ಟ್ ಮತ್ತು ಮುಖ-ದವಡೆಯ ಶಸ್ತ್ರಚಿಕಿತ್ಸಕರ ಬಳಿಗೆ ಕಳುಹಿಸುತ್ತಾರೆ. ಈ ಚಿಕಿತ್ಸೆಯಲ್ಲಿ ಇಬ್ಬರೂ ಒಟ್ಟಿಗೆ ಕೆಲಸ ಮಾಡಬೇಕು. ದಂತ ವೈದ್ಯಕೀಯ ಕಾಲೇಜುಗಳಲ್ಲಿ ಇಬ್ಬರೂ ಒಂದೇ ಕಡೆ ಸಿಗುತ್ತಾರೆ, ಖರ್ಚೂ ಸಾಮಾನ್ಯವಾಗಿ ಕಡಿಮೆ. ಮಂಗಳೂರು, ಬೆಂಗಳೂರು, ಧಾರವಾಡಗಳಲ್ಲಿ ಇಂತಹ ಕಾಲೇಜುಗಳಿವೆ.

ಒಪಿಜಿ ಎಂಬ ಎಕ್ಸ್‌ರೇಯಲ್ಲಿ ದವಡೆಯ ಎರಡೂ ಬದಿ, ಎರಡೂ ಕೀಲು ಒಂದೇ ಚಿತ್ರದಲ್ಲಿ ಕಾಣುತ್ತವೆ. ಹೆಚ್ಚಿನ ವಿವರ ಬೇಕಾದಾಗ ಸಿಬಿಸಿಟಿ ಅಥವಾ ಸಿಟಿ ಸ್ಕ್ಯಾನ್ ಮಾಡುತ್ತಾರೆ. ಒಂದು ಬದಿ ಈಗಲೂ ಬೆಳೆಯುತ್ತಿದೆಯೇ ಎಂಬ ಸಂಶಯವಿದ್ದರೆ ಬೋನ್ ಸ್ಕ್ಯಾನ್. ಎರಡು ಕೀಲುಗಳ ನಡುವೆ ಚಟುವಟಿಕೆಯ ವ್ಯತ್ಯಾಸ ಶೇ. 10ಕ್ಕಿಂತ ಹೆಚ್ಚಿದ್ದರೆ ಬೆಳವಣಿಗೆ ಇನ್ನೂ ನಡೆಯುತ್ತಿರಬಹುದು ಎಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಗರ್ಭಿಣಿಯರು, ಮೊಲೆಹಾಲು ಕುಡಿಸುವ ತಾಯಂದಿರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು.

ಚಿಕಿತ್ಸೆ ವಯಸ್ಸಿಗೆ ತಕ್ಕಂತೆ

ಸಣ್ಣ ಮಕ್ಕಳಲ್ಲಿ: ಹಲ್ಲಿನ ಕಾರಣದಿಂದ ದವಡೆ ಜಾರುತ್ತಿದ್ದರೆ ಅಡ್ಡ ಬರುವ ಹಾಲುಹಲ್ಲನ್ನು ಸ್ವಲ್ಪ ಉಜ್ಜುವುದರಿಂದ ಅಥವಾ ಮೇಲ್ದವಡೆಯನ್ನು ಅಗಲಿಸುವ ಸಾಧನ ಹಾಕುವುದರಿಂದ ಸರಿಪಡಿಸಬಹುದು. ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಏಳೆಂಟು ವರ್ಷದಲ್ಲಿ ಕೆಲವು ತಿಂಗಳಲ್ಲಿ ಮುಗಿಯುವ ಕೆಲಸ ಇಪ್ಪತ್ತರಲ್ಲಿ ಆಪರೇಷನ್ ಆಗಿ ನಿಲ್ಲಬಹುದು.

ಕಾಂಡೈಲ್ ಮುರಿದಾಗ: ಮಕ್ಕಳಲ್ಲಿ ಹೆಚ್ಚಾಗಿ ಆಪರೇಷನ್ ಬೇಡ. ಕೆಲವು ದಿನ ಮೆತ್ತಗಿನ ಆಹಾರ, ನೋವಿನ ಔಷಧಿ, ನಂತರ ಬೇಗನೆ ಬಾಯಿ ತೆರೆಯುವ ವ್ಯಾಯಾಮ. ದವಡೆಯನ್ನು ಬಹಳ ದಿನ ಕಟ್ಟಿಡುವುದೇ ಅಪಾಯ, ಅಲುಗಾಡದ ಕೀಲು ಅಂಟಿಕೊಳ್ಳುತ್ತದೆ. ಮುಖ್ಯವಾದದ್ದು ಆ ಮೇಲಿನ ತಪಾಸಣೆ. ಬೆಳವಣಿಗೆ ಮುಗಿಯುವವರೆಗೂ ಆಗಾಗ ತೋರಿಸುತ್ತಿರಬೇಕು. ಒಂದು ಬದಿ ಹಿಂದೆ ಬೀಳುತ್ತಿದ್ದರೆ ಬೆಳವಣಿಗೆಯನ್ನು ತಿದ್ದುವ ಸಾಧನಗಳನ್ನು ಕೊಡುತ್ತಾರೆ.

ಕೀಲು ಅಂಟಿಕೊಂಡಿದ್ದರೆ: ಇದಕ್ಕೆ ಆಪರೇಷನ್ ಬೇಕೇ ಬೇಕು. ಬಾಯಿ ತೆರೆಯದ ಮಗು ಸರಿಯಾಗಿ ತಿನ್ನಲಾರದು, ಹಲ್ಲು ತೊಳೆಯಲಾರದು. ದವಡೆ ಸಣ್ಣದಾಗಿ ಹಿಂದೆ ಉಳಿದಿದ್ದರೆ ನಿದ್ದೆಯಲ್ಲಿ ಉಸಿರು ಕಟ್ಟಬಹುದು. ಅಂಟಿಕೊಂಡ ಎಲುಬನ್ನು ತೆಗೆದು ಕೀಲನ್ನು ಬಿಡಿಸುತ್ತಾರೆ. ಅಗತ್ಯವಿದ್ದರೆ ಪಕ್ಕೆಲುಬಿನ ತುಂಡನ್ನು ಅಲ್ಲಿ ಜೋಡಿಸುತ್ತಾರೆ. ಆಪರೇಷನ್‌ನಷ್ಟೇ ಮುಖ್ಯ ಅದರ ನಂತರದ ವ್ಯಾಯಾಮ. ತಿಂಗಳುಗಟ್ಟಲೆ, ದಿನಕ್ಕೆ ಹಲವು ಸಲ, ಮಗು ಅತ್ತರೂ ಮಾಡಿಸಲೇಬೇಕು. ಕನಿಕರಪಟ್ಟು ಬಿಟ್ಟರೆ ಕೀಲು ಮತ್ತೆ ಅಂಟಿಕೊಳ್ಳುತ್ತದೆ.

ಎಲುಬನ್ನು ಎಳೆದು ಉದ್ದ ಮಾಡುವ ವಿಧಾನ: ಸಣ್ಣದಾಗಿರುವ ಬದಿಯ ಎಲುಬನ್ನು ಕತ್ತರಿಸಿ, ನಡುವೆ ಸ್ಕ್ರೂ ಇರುವ ಸಾಧನವೊಂದನ್ನು ಕೂರಿಸಿ, ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ತಿರುಗಿಸುತ್ತಾ ಹೋಗುತ್ತಾರೆ. ಆ ಸಂದಿನಲ್ಲಿ ಹೊಸ ಎಲುಬು ಬೆಳೆಯುತ್ತದೆ. ಕೈಕಾಲಿನ ಎಲುಬಿಗಾಗಿ ರಷ್ಯಾದ ಇಲಿಜರೋವ್ ರೂಪಿಸಿದ ಈ ವಿಧಾನವನ್ನು ಮಕ್ಕಳ ಕೆಳದವಡೆಗೆ ಬಳಸಿದ ವರದಿಯನ್ನು ಅಮೆರಿಕದ ಮೆಕಾರ್ಥಿ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದರು.

ಒಂದು ಬದಿ ಅತಿಯಾಗಿ ಬೆಳೆಯುತ್ತಿದ್ದರೆ: ಬೆಳವಣಿಗೆ ಚುರುಕಾಗಿದ್ದಾಗ ಕಾಂಡೈಲಿನ ಮೇಲಿನ ಕೆಲವು ಮಿಲಿಮೀಟರ್ ಭಾಗವನ್ನು ತೆಗೆದು ಅದನ್ನು ನಿಲ್ಲಿಸುತ್ತಾರೆ. ನಿಂತುಹೋಗಿದ್ದರೆ ದವಡೆಯನ್ನು ಜೋಡಿಸುವ ಆಪರೇಷನ್ ಮಾತ್ರ ಸಾಕಾಗಬಹುದು. ಇನ್ನೂ ಬೆಳೆಯುತ್ತಿರುವುದನ್ನು ಗಮನಿಸದೆ ದವಡೆ ಮಾತ್ರ ತಿದ್ದಿದರೆ ಮುಖ ಮತ್ತೆ ವಾಲುತ್ತದೆ.

ಬೆಳವಣಿಗೆ ಮುಗಿದವರಲ್ಲಿ: ವ್ಯತ್ಯಾಸ ಸಣ್ಣದಿದ್ದರೆ ಕ್ಲಿಪ್ ಹಾಕಿ ಹಲ್ಲುಗಳನ್ನು ಹೊಂದಿಸಬಹುದು, ಅಥವಾ ಗದ್ದದ ತುದಿಯ ಎಲುಬನ್ನು ಮಾತ್ರ ಸರಿಸಬಹುದು. ಹೆಚ್ಚಿದ್ದರೆ ದವಡೆಯ ಆಪರೇಷನ್. ಸಾಮಾನ್ಯವಾಗಿ ಮೊದಲು ಒಂದು ವರ್ಷ ಅಥವಾ ಹೆಚ್ಚು ಕಾಲ ಕ್ಲಿಪ್, ನಂತರ ಆಪರೇಷನ್, ಮತ್ತೆ ಕೆಲವು ತಿಂಗಳು ಕ್ಲಿಪ್. ಬಾಯಿಯ ಒಳಗಿನಿಂದಲೇ ಮಾಡುವುದರಿಂದ ಮುಖದ ಮೇಲೆ ದೊಡ್ಡ ಕಲೆ ಉಳಿಯುವುದಿಲ್ಲ. ಕೆಳದವಡೆಯನ್ನು ಒಳಗಿನಿಂದ ಸೀಳಿ ಜಾರಿಸುವ ಈ ವಿಧಾನವನ್ನು ಒಬ್‌ವೆಗೆಸರ್ 1950ರ ದಶಕದಲ್ಲಿ ರೂಪಿಸಿದರು, ಸುಧಾರಣೆಗಳೊಂದಿಗೆ ಇಂದಿಗೂ ಅದೇ ಬಳಕೆಯಲ್ಲಿದೆ. ಎಲುಬನ್ನು ಟೈಟಾನಿಯಂ ಪ್ಲೇಟುಗಳಿಂದ ಬಿಗಿಯುತ್ತಾರೆ.

ಇದರ ಕಷ್ಟಗಳನ್ನೂ ತಿಳಿದಿರಬೇಕು. ಮುಖ ಕೆಲವು ವಾರ ಊದಿಕೊಂಡಿರುತ್ತದೆ. ಗಂಜಿ, ಸೂಪು, ಹಣ್ಣಿನ ರಸ, ಆಮೇಲೆ ಮೆತ್ತಗಿನ ಅನ್ನ ಹೀಗೆ ಒಂದೆರಡು ತಿಂಗಳು ಹೋಗುತ್ತದೆ. ಕೆಳತುಟಿ ಮತ್ತು ಗದ್ದ ಮರಗಟ್ಟಿದಂತಾಗುವುದು ಸಾಮಾನ್ಯ. ಹೆಚ್ಚಿನವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಸ್ವಲ್ಪ ಉಳಿದುಬಿಡುತ್ತದೆ. ಸೋಂಕು, ಮತ್ತೆ ಸ್ವಲ್ಪ ಜಾರುವುದು ಕೂಡಾ ಸಾಧ್ಯ. ಮದುವೆಯ ದಿನ ಗೊತ್ತು ಮಾಡಿ ಎರಡು ತಿಂಗಳ ಮೊದಲು ಓಡಿ ಬರುವ ಚಿಕಿತ್ಸೆ ಇದಲ್ಲ.

ಖರ್ಚಿನ ವಿಷಯದಲ್ಲಿ ಸರಕಾರಿ ಆರೋಗ್ಯ ಕಾರ್ಡಿನಲ್ಲಿ ಅಥವಾ ವಿಮೆಯಲ್ಲಿ ಯಾವುದು ಸೇರುತ್ತದೆ ಎಂದು ದಾಖಲಾಗುವ ಮೊದಲೇ ವಿಚಾರಿಸಿ. ಕೇವಲ ಅಂದಕ್ಕಾಗಿ ಎಂದು ಬರೆದರೆ ವಿಮೆಯವರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಜಗಿಯಲು, ಬಾಯಿ ತೆರೆಯಲು ತೊಂದರೆಯಿದ್ದರೆ ಅದು ವರದಿಯಲ್ಲಿ ಸ್ಪಷ್ಟವಾಗಿ ದಾಖಲಾಗಿರಲಿ.

ಇದು ಸೃಷ್ಟಿಯನ್ನು ಬದಲಿಸಿದಂತಲ್ಲವೇ?

ಆ ತಾಯಿಯೂ ತಗ್ಗಿದ ದನಿಯಲ್ಲಿ ಇದನ್ನೇ ಕೇಳಿದ್ದರು. ನಾನು ಧಾರ್ಮಿಕ ತೀರ್ಪು ಕೊಡುವವಳಲ್ಲ. ಆದರೆ ಎರಡು ವಿಷಯ ಗಮನಕ್ಕೆ ತರಬಹುದು. ಕದನವೊಂದರಲ್ಲಿ ಮೂಗು ಕಳೆದುಕೊಂಡಿದ್ದ ಅರ್ಫಜ ಎಂಬ ಸಹಾಬಿ ಬೆಳ್ಳಿಯ ಮೂಗು ಹಾಕಿಸಿಕೊಂಡು, ಅದು ವಾಸನೆ ಬರತೊಡಗಿದಾಗ, ಚಿನ್ನದ ಮೂಗು ಹಾಕಿಸಿಕೊಳ್ಳಲು ಪ್ರವಾದಿ(ಸ)ಯವರು ಹೇಳಿದ ವರದಿ ಅಬೂದಾವೂದ್ ಮತ್ತು ತಿರ್ಮಿದಿ ಗ್ರಂಥಗಳಲ್ಲಿದೆ. 2007ರಲ್ಲಿ ಮಲೇಷ್ಯಾದ ಪುತ್ರಜಯದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯೂ, ಹುಟ್ಟಿನಿಂದ ಬಂದ ಅಥವಾ ಅಪಘಾತ, ಕಾಯಿಲೆಯಿಂದಾದ ಊನವನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಯನ್ನು ಕೇವಲ ಅಂದಕ್ಕಾಗಿ ಮಾಡಿಸುವುದರಿಂದ ಬೇರೆಯಾಗಿ ನೋಡಿ ಅನುಮತಿಸಿದೆ. ಸಂಶಯವಿದ್ದರೆ ವೈದ್ಯಕೀಯ ವರದಿಯ ಜೊತೆಗೆ ನೀವು ನಂಬುವ ವಿದ್ವಾಂಸರನ್ನು ಕೇಳಿ. ಸುಮ್ಮನೆ ಸಂಶಯಪಟ್ಟು ಮಗುವಿನ ಬೆಳೆಯುವ ವಯಸ್ಸನ್ನು ಕಳೆದುಬಿಡಬೇಡಿ.

ಇನ್ನೊಂದು ಮಾತು ಹುಡುಗನ ಕಡೆಯವರಿಗೆ ಮತ್ತು ನಮಗೆಲ್ಲರಿಗೆ. ಗದ್ದ ವಾಲಿರುವುದು ಹುಡುಗಿಯ ತಪ್ಪಲ್ಲ. ಬಿದ್ದು ಆದ ಪೆಟ್ಟು ಮಕ್ಕಳಿಗೆ ವಂಶವಾಗಿ ಬರುವುದೂ ಇಲ್ಲ. ಶಾಲೆಯಲ್ಲಿ ಅಡ್ಡ ಹೆಸರಿಟ್ಟು ಕರೆಯುವುದನ್ನು ಕೇಳಿಸಿಕೊಂಡರೆ ಹಿರಿಯರು ಅಲ್ಲಿಯೇ ತಡೆಯಬೇಕು.

ಮಗು ಗದ್ದ ಬಡಿದು ಬಿದ್ದರೆ

* ಗದ್ದದಲ್ಲಿ ಗಾಯವಾಗಿದ್ದರೆ, ಎಷ್ಟೇ ಸಣ್ಣದಿದ್ದರೂ, ದವಡೆ ಕೀಲನ್ನೂ ನೋಡಿ ಎಂದು ವೈದ್ಯರಲ್ಲಿ ಬಾಯಿಬಿಟ್ಟು ಕೇಳಿ.
* ಬಾಯಿ ತೆರೆಯಿಸಿ ನೋಡಿ. ಗದ್ದ ಒಂದು ಬದಿಗೆ ಹೋಗುತ್ತದೆಯೇ? ಕಿವಿಯ ಮುಂದೆ ಮುಟ್ಟಿದರೆ ಮಗು ಅಳುತ್ತದೆಯೇ? ಹಲ್ಲುಗಳು ಮೊದಲಿನಂತೆ ಕೂಡುತ್ತವೆಯೇ?
* ಮುರಿತ ಇದ್ದರೆ ಹೇಳಿದ ವ್ಯಾಯಾಮವನ್ನು ತಪ್ಪಿಸಬೇಡಿ.
* ಮುರಿತ ಇಲ್ಲವೆಂದರೂ ಒಂದೆರಡು ತಿಂಗಳ ನಂತರ ಮೂರು ಬೆರಳಿನ ಪರೀಕ್ಷೆ ಮಾಡಿ. ಬಾಯಿ ತೆರೆಯುವುದು ಕಡಿಮೆಯಾಗುತ್ತಿದ್ದರೆ ಕೂಡಲೇ ಮತ್ತೆ ತೋರಿಸಿ.
* ಎಕ್ಸ್‌ರೇ ಮತ್ತು ಚೀಟಿಗಳನ್ನು ಜೋಪಾನವಾಗಿಡಿ.

ಆ ಹುಡುಗಿಗೆ ಸುಮಾರು ಒಂದೂವರೆ ವರ್ಷದ ಕ್ಲಿಪ್ ಮತ್ತು ಎರಡೂ ದವಡೆಗಳ ಆಪರೇಷನ್ ಆಯಿತು. ಗದ್ದ ನೇರವಾಗಿದೆ. ಕೆಳತುಟಿಯ ಒಂದು ಮೂಲೆ ಈಗಲೂ ಸ್ವಲ್ಪ ಜೋಮು ಹಿಡಿದಂತೆ ಇದೆ, ಬಾಯಿ ಎಲ್ಲರಷ್ಟು ಅಗಲ ತೆರೆಯುವುದಿಲ್ಲ. ಆದರೆ ಮೊದಲಿಗಿಂತ ಬೇಗ ಉಣ್ಣುತ್ತಾಳೆ. ತಾಯಿಗೆ ಮಾತ್ರ ಒಂದು ಕೊರಗು ಉಳಿದಿತ್ತು. "ಅವತ್ತು ನಾನು ಕೇಳಬೇಕಿತ್ತು ಡಾಕ್ಟ್ರೇ" ಎನ್ನುತ್ತಿದ್ದರು. ಅಂದು ಕೇಳಬೇಕೆಂದು ಅವರಿಗೆ ಹೇಳಿದವರು ಯಾರೂ ಇರಲಿಲ್ಲ ಎಂದು ನಾನು ಎಷ್ಟು ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ.

ಮುಂದೊಂದು ದಿನ ಅವರು ಮತ್ತೆ ಬಂದರು. ಈ ಸಲ ಸೊಂಟದ ಮೇಲೆ ನಾಲ್ಕು ವರ್ಷದ ಮೊಮ್ಮಗನಿದ್ದ. ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಗದ್ದ ಒಡೆದುಕೊಂಡಿದ್ದ. ಗಾಯಕ್ಕೆ ಹೊಲಿಗೆ ಹಾಕಿಸಿ ನೇರ ಇಲ್ಲಿಗೇ ಬಂದಿದ್ದರು. "ಹೊಲಿಗೆ ಆಯಿತು. ಈಗ ಕಿವಿಯ ಮುಂದೆ ನೋಡಿ" ಎಂದರು. ಎಡಬದಿಯಲ್ಲಿ ಮುರಿತವಿತ್ತು. ಆಪರೇಷನ್ ಬೇಕಾಗಲಿಲ್ಲ. ಮೆತ್ತಗಿನ ಊಟ, ಆಮೇಲೆ ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು ಕಚ್ಚುವ ವ್ಯಾಯಾಮ. ಪ್ರತಿ ವಾರ ಒಂದೊಂದು ಕಡ್ಡಿ ಹೆಚ್ಚಿಸುತ್ತಾ ಹೋದದ್ದು ಅವರೇ.

ಆ ಹುಡುಗನಿಗೆ ಈಗ ಏಳು ವರ್ಷ. ಆರು ತಿಂಗಳಿಗೊಮ್ಮೆ ತೋರಿಸಲು ಬರುತ್ತಾನೆ, ಬಂದ ಕೂಡಲೇ ನಾನು ಕೇಳುವ ಮೊದಲೇ ಮೂರು ಬೆರಳು ಬಾಯೊಳಗೆ ಇಟ್ಟು ತೋರಿಸುತ್ತಾನೆ. ಗದ್ದ ನೇರ ಇದೆ.